ಯೂನ್ಯನಿಗೋ ಯೂನ್ಯಳಿಗೋ

ಪುಣೆ,
ಭಾನುವಾರ ಸಂಜೆ

ಪ್ರೀತಿಯ ತಂಗಿ,

ಅವ್ವ ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಸ್ತ್ರೀ ಸಂಘದ ನಾಲ್ಕು ಬುಧವಾರ ನಿನ್ನ ಪಾಲಿಗೆ ಬಂದಿದೆ, ವಿಷಯ ‘ಬೈಬಲಿನಲ್ಲಿ ಹೆಣ್ಣು ಗಂಡು’ ಅಂತ ಬರೆದಿದ್ದೀಯ. ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ‘ಗಂಡು ಗಂಡನ್ನೇ ಪ್ರೀತಿಸುವ ಮಾತು ಬಂದರೆ ಏನು ಹೇಳಲಿ’ ಅಂತಲೂ ಕೇಳಿದ್ದೀಯ. ಬಂದೇ ಬರುತ್ತದೆ. ಆದರೆ ಮೊದಲನೇ ವಾರ ಅದನ್ನು ಎತ್ತಬೇಡ. ಎತ್ತಿದರೆ ಉಳಿದ ಮೂರು ವಾರ ಯಾರೂ ಪುಸ್ತಕ ತೆರೆಯುವುದಿಲ್ಲ, ಬರೀ ಬಾಯಿ ತೆರೆಯುತ್ತಾರೆ.

ರೋಮಾಪುರದವರಿಗೆ ಪೌಲ ಬರೆದ ಪತ್ರದ 16ನೇ ಅಧ್ಯಾಯದಿಂದ ಶುರು ಮಾಡು. ಬರೀ ವಂದನೆಗಳ ಪಟ್ಟಿ ಅಂತ ಎಲ್ಲರೂ ಹಾರಿಸಿ ಓದುವ ಅಧ್ಯಾಯ ಅದು. ಹೆಂಗಸರು ಎಷ್ಟು ಜನ ಅಂತ ಎಣಿಸಲಿಕ್ಕೆ ಹೇಳು. ಫೊಯಿಬೆ, ಪ್ರಿಸ್ಕ, ಮರಿಯ ಇವರಿಂದ ಹಿಡಿದು, ಹೆಸರು ಹೇಳದ ರೂಫನ ತಾಯಿ, ನೇರ್ಯನ ತಂಗಿಯನ್ನೂ ಸೇರಿಸಿದರೆ ಹತ್ತು ಬರಬೇಕು. ಒಂಬತ್ತೇ ಬಂದರೆ ಒಬ್ಬಳು ಗಂಡಸರ ಸಾಲಿಗೆ ಹೋಗಿ ನಿಂತಿದ್ದಾಳೆ ಅಂತ ತಿಳಿ. ಆಗ 7ನೇ ವಚನ ತೆಗೆಸು. ಅಂದ್ರೋನಿಕ, ಯೂನ್ಯ ಇಬ್ಬರನ್ನೂ ಆ ವಚನ ‘ಅಪೊಸ್ತಲರಲ್ಲಿ ಪ್ರಸಿದ್ಧರು’ ಅನ್ನುತ್ತದೆ, ಅಂದರೆ ಕ್ರಿಸ್ತನ ಸಂದೇಶ ಸಾರಲಿಕ್ಕೆ ಕಳಿಸಿದವರಲ್ಲಿ. ಯೂನ್ಯ ಎಂಬ ಹೆಸರಿನ ಬಾಲ ನೋಡಲಿ, ‘ನಿಗೂ’ ಅಂತಿದೆಯೋ ‘ಳಿಗೂ’ ಅಂತಿದೆಯೋ?

ಇಡೀ ಪಾಠ ಇರುವುದು ಆ ಒಂದಕ್ಷರದಲ್ಲಿ. ಗ್ರೀಕ್ ವಾಕ್ಯದಲ್ಲಿ ಆ ಹೆಸರು ಗಂಡಿನದಾದರೂ ಹೆಣ್ಣಿನದಾದರೂ ಅಕ್ಷರಗಳು ಅವೇ. ಬದಲಾಗುವುದು ಸ್ವರದ ಮೇಲಿನ ಗುರುತು ಮಾತ್ರ, ಹಳೇ ಹಸ್ತಪ್ರತಿಗಳಲ್ಲಿ ಆ ಗುರುತೇ ಇಲ್ಲ. ಕನ್ನಡಕ್ಕೆ ಆ ಸವಲತ್ತಿಲ್ಲ. ವಿಭಕ್ತಿ ಹಚ್ಚಬೇಕಾದರೆ ಅವನೋ ಅವಳೋ ಅಂತ ಅನುವಾದಕ ತೀರ್ಮಾನಿಸಲೇಬೇಕು. ಹಾಗಾದರೆ ತೀರ್ಮಾನ ಯಾವ ಆಧಾರದ ಮೇಲೆ? ರೋಮಿನ ಶಾಸನಗಳಲ್ಲಿ ಯೂನ್ಯ ಎಂಬ ಹೆಸರಿನ ಹೆಂಗಸರು ಇನ್ನೂರಕ್ಕೂ ಹೆಚ್ಚು ಸಿಗುತ್ತಾರೆ. ಅದೇ ಹೆಸರಿನ ಗಂಡಸು ಒಬ್ಬನೂ ಸಿಕ್ಕಿಲ್ಲ. ಗ್ರೀಕನ್ನೇ ಮನೆಮಾತಾಗಿ ಆಡುತ್ತಿದ್ದ 4ನೇ ಶತಮಾನದ ಧರ್ಮಗುರು ಕ್ರಿಸೊಸ್ತೊಮ್ ಅವಳನ್ನು ಹೆಂಗಸೆಂದೇ, ಅಪೊಸ್ತಲಳೆಂದೇ ಹೊಗಳಿದ. ಆದರೂ ವಿದ್ವಾಂಸರೆಲ್ಲ ಬಳಸುವ ನೆಸ್ಲೆ ಗ್ರೀಕ್ ಮುದ್ರಣ 1927ರಿಂದ 1998ರವರೆಗೆ ಗಂಡಿನ ಗುರುತನ್ನೇ ಅಚ್ಚು ಹಾಕಿತು. ಹೆಂಗಸು ಅಪೊಸ್ತಲಳಾಗಿರಲಾರಳು, ಆದ್ದರಿಂದ ಇದು ಗಂಡಿನ ಹೆಸರೇ ಇರಬೇಕು ಅನ್ನುವುದರ ಹೊರತು ಬೇರೆ ಗಟ್ಟಿ ಕಾರಣ ನನಗೆ ಕಾಣುವುದಿಲ್ಲ.

‘ಅಪೊಸ್ತಲರಲ್ಲಿ ಪ್ರಸಿದ್ಧರು’ ಅಲ್ಲ, ‘ಅಪೊಸ್ತಲರಿಗೆ ಚೆನ್ನಾಗಿ ಗೊತ್ತಿದ್ದವರು’ ಅಂತಲೂ ಆ ವಾಕ್ಯವನ್ನು ಓದುವವರಿದ್ದಾರೆ. ಅದನ್ನು ಮುಚ್ಚಿಡಬೇಡ, ನೀನೇ ಮೊದಲು ಹೇಳಿಬಿಡು.

ಎರಡನೇ ವಾರ ಆದಿಕಾಂಡ 2. ಅಲ್ಲಿ ಹೆಣ್ಣಿಗೆ ಹೇಳಿರುವ ‘ಸರಿಬೀಳುವ ಸಹಕಾರಿ’ ಅಂದರೆ ಕೈಕೆಳಗಿನವಳು ಅಂತ ಮದುವೆಯ ಪ್ರಸಂಗಗಳಲ್ಲಿ ಕೇಳಿ ಕೇಳಿ ನಮ್ಮವರಿಗೆ ರೂಢಿಯಾಗಿದೆ. ಇಬ್ರಿಯ ಪದ ‘ಏಜೆರ್’. ಹಳೇ ಒಡಂಬಡಿಕೆಯಲ್ಲಿ ಅದು ಹೆಚ್ಚಾಗಿ ಬಂದಿರುವುದು ದೇವರಿಗೇ. ಕೀರ್ತನೆ 121ರ ‘ಸಹಾಯ’ವೂ ಅದೇ ಪದ. ಹೆಣ್ಣನ್ನು ಮಾಡಿದ ಎಲುಬು ಅಂತ ಬಂದಿರುವ ‘ಸೇಲ’ಕ್ಕೆ ವಿಮೋಚನಕಾಂಡದಲ್ಲಿ ಮಂಜೂಷದ ಪಕ್ಕ, ಗುಡಾರದ ಪಕ್ಕ ಅನ್ನುವ ಅರ್ಥ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಉಳಿದ ಸಮಯದಲ್ಲಿ 1 ಕೊರಿಂಥ 14:34-35 ತೆಗೆ. ಹೆಂಗಸರು ಸಭೆಯಲ್ಲಿ ಸುಮ್ಮನಿರಲಿ ಅನ್ನುವ ಆ ಎರಡು ವಚನ ಕೆಲವು ಹಸ್ತಪ್ರತಿಗಳಲ್ಲಿ 40ನೇ ವಚನದ ನಂತರ ಬರುತ್ತವೆ. 11:5ರಲ್ಲಿ ನೋಡಿದರೆ ಹೆಂಗಸರು ಸಭೆಯಲ್ಲಿ ಪ್ರಾರ್ಥನೆ, ಪ್ರವಾದನೆ ಎರಡನ್ನೂ ಮಾಡುತ್ತಿದ್ದಾರೆ. ಎರಡು ಪುಟಗಳ ನಡುವೆ ಬೆರಳಿಟ್ಟುಕೊಂಡು ಓದಲಿ.

ಮೂರನೇ ವಾರಕ್ಕೆ ಜಾಗ್ರತೆ ಬೇಕು. ಅಪೊಸ್ತಲರ ಕೃತ್ಯಗಳು 8ರ ಐಥಿಯೋಪ್ಯದ ಕಂಚುಕಿ (ಬೀಜ ಒಡೆದ ಅರಮನೆಯ ಅಧಿಕಾರಿ) ಮತ್ತು ಮತ್ತಾಯ 19:12 ಜೊತೆಗಿಟ್ಟು ಓದಿ. ಎರಡೂ ಕಡೆ ಗ್ರೀಕಿನಲ್ಲಿ ಒಂದೇ ಪದ. ‘ನಪುಂಸಕ’ ಅನ್ನುವುದು ನಮ್ಮ ಕಡೆ ಬೈಗುಳ, ಗಟ್ಟಿಯಾಗಿ ಓದುವಾಗ ಯಾರಾದರೂ ಕಿಸಕ್ಕನೆ ನಗುತ್ತಾರೆ. ಅದಕ್ಕೇ ಓದುವ ಮೊದಲೇ ಅರ್ಥ ಹೇಳಿಬಿಡು. ಬೀಜ ಒಡೆದವನು ಸಭೆಗೆ ಸೇರಬಾರದು ಅಂತ ಧರ್ಮೋಪದೇಶಕಾಂಡ 23:1. ಅಂಥವನಿಗೆ ಗಂಡು ಹೆಣ್ಣು ಮಕ್ಕಳಿಗಿಂತಲೂ ಮೇಲಾದ ಹೆಸರು ಕೊಡುತ್ತೇನೆ ಅಂತ ಯೆಶಾಯ 56. ಕಂಚುಕಿ ರಥದಲ್ಲಿ ಕೂತು ಓದುತ್ತಿದ್ದದ್ದು ಯೆಶಾಯ 53, ಅದೇ ಸುರುಳಿಯನ್ನು ಇನ್ನಷ್ಟು ಬಿಚ್ಚಿದರೆ 56. ನನಗೆ ಕೀಲಿ ಸಿಗುವುದು ಇಲ್ಲೇ. ಹಾಗಂತ ಕಂಚುಕಿಯೇ ಇವತ್ತಿನ ಮಂಗಳಮುಖಿ ಅಂತ ಹೇಳಿಬಿಡಬೇಡ, ಅದು ಆತುರದ ಮಾತಾಗುತ್ತದೆ.

ಇನ್ನೊಂದು. ವ್ಯಾಕರಣದ ನಪುಂಸಕಲಿಂಗ ನಮ್ಮ ನಾಲಿಗೆಗೆ ಅಂಟಿಕೊಂಡು, ಅಂಥವರನ್ನು ‘ಅದು’ ಅಂದುಬಿಡುತ್ತೇವೆ. ‘ಅವರು’ ಅನ್ನಿ. ಲಿಂಗವೂ ಕೇಳದ, ಮರ್ಯಾದೆಯೂ ಕೊಡುವ ಸರ್ವನಾಮ ನಮ್ಮ ಕೈಯಲ್ಲೇ ಇದೆ.

ನಾಲ್ಕನೇ ವಾರ ನೀನು ಹೆದರುತ್ತಿರುವ ವಚನಗಳು. ಸೊದೋಮಿನ ಪಾಪ ಏನೆಂದು ಬೈಬಲೇ ಯೆಹೆಜ್ಕೇಲ 16:49ರಲ್ಲಿ ಹೇಳುತ್ತದೆ: ಗರ್ವ, ಹೊಟ್ಟೆ ತುಂಬಿದ ಸೊಕ್ಕು, ಬಡವರ ಕೈ ಹಿಡಿಯದಿದ್ದದ್ದು. 1 ಕೊರಿಂಥ 6:9ರ ತಪ್ಪಿತಸ್ಥರ ಪಟ್ಟಿಯಲ್ಲಿರುವ ಗ್ರೀಕ್ ಪದ ‘ಅರ್ಸೆನೊಕೊಯಿತಾಯ್’ ಅಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಗಂಡು, ಹಾಸಿಗೆ ಎಂಬ ಎರಡು ಪದ ಕೂಡಿ ಆದದ್ದು. ಆ ಎರಡೂ ಯಾಜಕಕಾಂಡದ ಹಳೇ ಗ್ರೀಕ್ ಅನುವಾದದ 20:13ರಲ್ಲಿ ಅಕ್ಕಪಕ್ಕದಲ್ಲೇ ಇವೆ, ಪೌಲ ಅಲ್ಲಿಂದಲೇ ಎತ್ತಿಕೊಂಡಿರಬಹುದು. ಆದರೂ ಪದ ಒಡೆದರೆ ಅರ್ಥ ಸಿಕ್ಕೇಬಿಡುತ್ತದೆ ಅನ್ನುವಂತಿಲ್ಲ. ಎಣ್ಣೆ ಅಂದರೆ ಎಳ್ಳಿನ ನೆಯ್, ಹಾಗಂತ ಕೊಬ್ಬರಿ ಎಣ್ಣೆಯಲ್ಲಿ ಯಾರೂ ಎಳ್ಳು ಹುಡುಕುವುದಿಲ್ಲ. ಮೊಬೈಲಿನ ಸ್ಟ್ರಾಂಗ್ಸ್ ನಂಬರ್ (ಬೈಬಲಿನ ಒಂದೊಂದು ಮೂಲಪದಕ್ಕೂ ಕೊಟ್ಟ ನಿಘಂಟಿನ ಸಂಖ್ಯೆ) ನೋಡಿ ವಾದ ಮಾಡುವವರು ಎಡವುವುದು ಇಲ್ಲೇ, ನಮ್ಮ ಪರವಾಗಿ ಮಾತಾಡುವವರೂ ಸೇರಿ. ಇಂಗ್ಲಿಷ್ ಬೈಬಲಿಗೆ ‘ಹೋಮೋಸೆಕ್ಷುವಲ್ಸ್’ ಅನ್ನುವ ಪದ ಬಂದದ್ದು 1946ರಲ್ಲಿ, ಅದೇ ಆವೃತ್ತಿಯವರು 1971ರಲ್ಲಿ ಅದನ್ನು ತೆಗೆದರು ಅಂತಲೂ ಹೇಳು. ರೋಮಾಪುರ 1:26-27 ಓದಿ ಅಲ್ಲಿಗೇ ನಿಲ್ಲಿಸಬೇಡ, 2:1 ಮುಗಿಯುವತನಕ ಓದಿಸು. ತೀರ್ಪು ಮಾಡುವವನ ಕಡೆಗೆ ಪೌಲ ಬೆರಳು ತಿರುಗಿಸುವುದು ಅಲ್ಲಿ. ಒಬ್ಬರಿಗೊಬ್ಬರು ನಿಷ್ಠೆಯಿಂದ ಬಾಳುವ ಇಬ್ಬರ ಮೇಲೆ ಈ ವಚನ ಹೊರಿಸಲಿಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹೊರಿಸುವವರೆಲ್ಲ ದಡ್ಡರು ಅಂತಲೂ ಅನ್ನಲಾರೆ. ದೇವರು ಗಂಡು ಹೆಣ್ಣಾಗಿ ಉಂಟುಮಾಡಿದ, ಇಬ್ಬರೂ ಒಂದೇ ಶರೀರ ಅನ್ನುವ ಮತ್ತಾಯ 19:4-6 ಅವರ ಕೈಯಲ್ಲಿದೆ, ಅದು ಹಗುರವಾದ ಮಾತಲ್ಲ.

ಅವತ್ತು ಯಾರ ಮನೆಯ ಮಗನ ಹೆಸರೂ, ಮಗಳ ಹೆಸರೂ ಬರಬಾರದು. ಪ್ರಶ್ನೆ ಚೀಟಿಯಲ್ಲಿ ಬರೆಸು, ಹೆಸರಿಲ್ಲದೆ, ಎಲ್ಲರಿಗೂ ಒಂದೇ ಬಣ್ಣದ ಪೆನ್ನು ಕೊಟ್ಟು. ಸಭೆ ಮುಗಿದ ಮೇಲೆ ಯಾರಾದರೂ ತಾಯಿ ಹಿಂದೆ ಉಳಿದು ‘ಇದಕ್ಕೆ ಔಷಧಿ ಇದೆಯಾ’ ಅಂತ ಕೇಳಿದರೆ, ಇದು ರೋಗವಲ್ಲ ಅಂತ ದೇಶದ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ, ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ ಅನ್ನು. ಅಪರಾಧವೂ ಅಲ್ಲ, 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿಗೆ ಅದು ಮುಗಿಯಿತು.

‘ಅನುವಾದ ಪ್ರಶ್ನಿಸಲಿಕ್ಕೆ ಇವಳು ಯಾರು’ ಅಂತ ಹಿರಿಯರು ಗುರ್ ಅಂದರೆ ಪಂಡಿತಾ ರಮಾಬಾಯಿಯ ಹೆಸರು ಹೇಳು. 1858ರಲ್ಲಿ ನಮ್ಮ ಕರ್ನಾಟಕದ ಘಟ್ಟದಲ್ಲೇ ಹುಟ್ಟಿದವರು. ಇಲ್ಲಿಂದ ದೌಂಡ್ ಕಡೆ ಹೋಗುವ ರೈಲಿನ ದಾರಿಯ ಕೇಡಗಾವಿನ ತಮ್ಮ ಆಶ್ರಮದಲ್ಲಿ ಕೂತು, ಇಬ್ರಿಯ ಗ್ರೀಕ್ ಕಲಿತು, ಇಡೀ ಬೈಬಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದರು. ಅಚ್ಚಿನ ಮೊಳೆ ಜೋಡಿಸಿದವರೂ ಆಶ್ರಮದ ಹೆಂಗಸರೇ.

ಅವ್ವನ ಹಳೇ ಬೈಬಲ್ ಟ್ರಂಕಿನಲ್ಲಿದೆಯಲ್ಲ, ಅದರ ರೋಮಾಪುರ 16ರ ಪುಟದ ಫೋಟೋ ಕಳಿಸು. ಅಚ್ಚಾದ ವರ್ಷವಿರುವ ಮೊದಲ ಪುಟದ್ದೂ ಇರಲಿ. ಬೆನ್ನು ಬಿಟ್ಟುಕೊಂಡಿದೆ, ಪೂರ್ತಿ ಅಗಲಿಸಬೇಡ.

ನಿನ್ನ
ಅಕ್ಕ