ತಾಯಿ ಕಾರ್ಡಿನಲ್ಲಿ ಎರಡು ಪ್ರಶ್ನೆಗಳಿಗೆ ಜಾಗ ಕೊಡಿ

ಕರ್ನಾಟಕದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ನನ್ನ ಎರಡು ಬಸಿರು ಐದನೇ ತಿಂಗಳಲ್ಲೇ ಹೋದವು. ಮೊದಲ ಸಲ ನೋವೇ ಬರಲಿಲ್ಲ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡಲು ಬಗ್ಗಿದ್ದೆ, ಕೆಳಗೆ ಏನೋ ಭಾರ ಬಂದು ಕೂತ ಹಾಗಾಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನೀರು ಒಡೆದಿತ್ತು. ಬಿಂದಿಗೆ ಎತ್ತಿದ್ದಕ್ಕೆ ಎಂದರು ಕೆಲವರು, ಪಪ್ಪಾಯಿ ತಿಂದಿರಬೇಕು ಎಂದರು ಇನ್ನು ಕೆಲವರು. ಎರಡನೇ ಸಲ ಬಿಂದಿಗೆಯನ್ನೂ ಮುಟ್ಟಲಿಲ್ಲ, ಪಪ್ಪಾಯಿಯನ್ನೂ ಮುಟ್ಟಲಿಲ್ಲ. ಆದರೂ ಹಾಗೇ ಆಯಿತು. ಕಾರ್ಡಿನಲ್ಲಿ ಹಿಂದೆ ಗರ್ಭಪಾತವಾಗಿದೆ ಎಂದಷ್ಟೇ ಬರೆದುಕೊಂಡಿದ್ದರು. ಎಷ್ಟನೇ ತಿಂಗಳಲ್ಲಿ, ನೋವು ಬಂದಿತ್ತೇ ಎಂದು ಯಾರೂ ಕೇಳಲಿಲ್ಲ.

ಮೂರನೇ ಸಲ ವೈದ್ಯೆಯೊಬ್ಬರು ಕೇಳಿದರು. "ಗರ್ಭಕೋಶದ ಬಾಯಿ ಸಡಿಲ ಇದೆಯಮ್ಮ, ನಿನ್ನ ತಪ್ಪೇನಿಲ್ಲ" ಎಂದರು. 13ನೇ ವಾರದಲ್ಲಿ ಬೆನ್ನಿಗೆ ಸೂಜಿ ಕೊಟ್ಟು ಆ ಬಾಯಿಗೆ ಹೊಲಿಗೆ ಹಾಕಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಚೀಲದ ಬಾಯಿಗೆ ಲಾಡಿ ಬಿಗಿದ ಹಾಗೆ ಸುತ್ತ ಒಂದು ದಾರ, ಅಷ್ಟೆ. 37ನೇ ವಾರದಲ್ಲಿ ಗಂಟು ಕತ್ತರಿಸಿ ತೆಗೆದ ಆ ದಾರವನ್ನು ಟ್ರೇಯಲ್ಲಿ ನೋಡಿದೆ. ಗೇಣುದ್ದವೂ ಇರಲಿಲ್ಲ. ಮಗಳಿಗೀಗ ನಾಲ್ಕು ವರ್ಷ.

ಇದೇನು ಹೊಸ ಚಿಕಿತ್ಸೆಯಲ್ಲ. ಮುಂಬೈಯ ಡಾ. ವಿ. ಎನ್. ಶಿರೋಡ್ಕರ್ 1955ರಲ್ಲೇ ಪ್ರಕಟಿಸಿದ್ದು. 1957ರಲ್ಲಿ ಆಸ್ಟ್ರೇಲಿಯಾದ ಡಾ. ಮೆಕ್‌ಡೊನಾಲ್ಡ್ ಇನ್ನೂ ಸರಳವಾದ ವಿಧಾನ ತಂದರು. ನಮ್ಮ ನೆಲದ ವೈದ್ಯರೇ ಕೊಟ್ಟದ್ದು ನನಗೆ ಸಿಗುವ ಹೊತ್ತಿಗೆ ಎರಡು ಕೂಸು ಮಣ್ಣಿಗೆ ಹೋಗಿದ್ದವು.

ಎಲ್ಲರಿಗೂ ಹೊಲಿಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಮೊದಲ ತಿಂಗಳುಗಳಲ್ಲೇ ಆಗುವ ಗರ್ಭಪಾತಕ್ಕೆ ಇದು ಮದ್ದಲ್ಲ. ಸೋಂಕು, ರಕ್ತಸ್ರಾವ ಇದ್ದರೆ ಹಾಕುವಂತಿಲ್ಲ. ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾದ ಕೆಲವರಿಗೆ 16ನೇ ವಾರದಿಂದ ಒಳಗಿನ ಸ್ಕ್ಯಾನ್ ಮಾಡಿ ನೋಡುತ್ತಿರಬಹುದು. ಗರ್ಭಕೋಶದ ಕೊರಳಿನ ಉದ್ದ 25 ಮಿ.ಮೀ.ಗಿಂತ ಇಳಿದರೆ ಆಗ ಹೊಲಿಗೆಯ ಮಾತು. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ವೈದ್ಯರು ತೀರ್ಮಾನಿಸಲಿ. ಆದರೆ ಅವರ ತನಕ ನಾವು ಹೊತ್ತಿಗೆ ಸರಿಯಾಗಿ ತಲುಪಬೇಕಲ್ಲ!

ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಪ್ರತಿ ತಿಂಗಳ 9ರಂದು ಮಾಡುವ ಉಚಿತ ತಪಾಸಣೆ ಇರುವುದು ನಾಲ್ಕನೇ ತಿಂಗಳಿಂದಾಚೆಯವರಿಗೆ. ನನ್ನಂಥವರ ಹೊಲಿಗೆಯ ಹೊತ್ತು 12ರಿಂದ 14ನೇ ವಾರ. ಅದಕ್ಕೇ, ಹಿಂದಿನ ಬಸಿರು ಎಷ್ಟನೇ ತಿಂಗಳಲ್ಲಿ ಹೋಯಿತು, ನೋವು ಬಂದಿತ್ತೇ ಎಂಬ ಆ ಎರಡು ಪ್ರಶ್ನೆಗಳನ್ನು ಕಾರ್ಡ್ ಮಾಡಿಸುವ ದಿನವೇ ಕೇಳಿಸಿ. ಉತ್ತರ ನನ್ನದರಂತಿದ್ದರೆ ಅದೇ ವಾರ ಪ್ರಸೂತಿ ತಜ್ಞರ ಬಳಿಗೆ ಕಳಿಸುವಂತೆ ಆದೇಶ ಮಾಡಿ.

ನಮ್ಮೂರಿನ ಆಶಾ ಕಾರ್ಯಕರ್ತೆ ಈಗಲೇ ಕಾರ್ಡಿನ ಅಂಚಿನಲ್ಲಿ ಪೆನ್ನಿಂದ ಬರೆಯುತ್ತಾಳೆ: "ಐದನೇ ತಿಂಗಳು, ನೋವಿಲ್ಲ." ಅದಕ್ಕೊಂದು ಜಾಗವನ್ನು ಇಲಾಖೆಯೇ ಅಚ್ಚು ಹಾಕಿಸಲಿ.

ಇಂತಿ,
ಒಬ್ಬ ತಾಯಿ