ಹಿಮ ಕೂರಬೇಕಾದರೆ ನೆಲ ಒಪ್ಪಬೇಕು

ಸಂಪಾದಕರಿಗೆ,

ಕಳೆದ ವಾರದ ನಿಮ್ಮ ಮಕ್ಕಳ ಪುಟದಲ್ಲಿ ಒಬ್ಬ ಬಾಲಕಿ ಒಳ್ಳೆಯ ಪ್ರಶ್ನೆ ಕೇಳಿದ್ದಳು. ಟಿ.ವಿ.ಯಲ್ಲಿ ಲಂಡನ್ ತೋರಿಸುವಾಗ ಹಿಮ ಅರಳೆಯಂತೆ ಸುರಿಯುತ್ತಿತ್ತು, ರಸ್ತೆ ಮಾತ್ರ ಕಪ್ಪಗೆ ಒದ್ದೆಯಾಗಿತ್ತು, ಬಿದ್ದ ಹಿಮ ಎಲ್ಲಿ ಹೋಯಿತು ಎಂದು. ‘ಗಾಳಿಯಲ್ಲಿ ಸಾಕಷ್ಟು ಚಳಿ ಇಲ್ಲದ್ದರಿಂದ ಕರಗುತ್ತದೆ’ ಎಂದು ಒಂದೇ ಸಾಲಿನಲ್ಲಿ ಉತ್ತರ ಮುಗಿಸಿದ್ದೀರಿ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಹೇಳಿಕೊಟ್ಟವಳು ನಾನು. ಆ ಉತ್ತರಕ್ಕೆ ಐದರಲ್ಲಿ ಒಂದೂವರೆ ಅಂಕ ಕೊಡುತ್ತೇನೆ, ಅದೂ ‘ಕರಗುತ್ತದೆ’ ಎಂಬ ಪದಕ್ಕೆ.

ಸದ್ಯ ನಾನು ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ, ಮಗಳ ಮನೆಯಲ್ಲಿದ್ದೇನೆ. ಫೆಬ್ರುವರಿಯ ಒಂದು ಗುರುವಾರ ಬೆಳಿಗ್ಗೆ ಏಳಕ್ಕೆ ಪರದೆ ಸರಿಸಿದರೆ ಎಂಟಾಣೆ ಅಗಲದ ಹಿಮದ ಹಳಕುಗಳು. ಎಂಟು ವರ್ಷದ ಮೊಮ್ಮಗ ಶಾಲೆಗೆ ರಜೆ ಸಿಕ್ಕೇಬಿಟ್ಟಿತು ಎಂದು ಪೈಜಾಮದಲ್ಲೇ ಕುಣಿದ. ಒಂದು ಗಂಟೆ ಕಳೆದರೂ ಕಾಲುದಾರಿಯ ಮೇಲೆ ಒಂದು ಚೂರು ಬಿಳುಪಿಲ್ಲ. ಕಾರಿನ ಚಾವಣಿ ಬಿಳಿ, ಕಸದ ಡಬ್ಬಿಯ ಮುಚ್ಚಳ ಬಿಳಿ, ಹಿತ್ತಲಿನ ಮರದ ಬೆಂಚು ಬಿಳಿ. ಅದೇ ಬೆಂಚಿನ ಸುತ್ತಲ ಕಲ್ಲುಚಪ್ಪಡಿ ಕರ್ರಗೆ ಮಿರುಗುತ್ತಿತ್ತು. ಹುಲ್ಲು ಅರ್ಧಂಬರ್ಧ, ನರೆತ ತಲೆಯ ಹಾಗೆ. ಶಾಲೆಯೇನೂ ಮುಚ್ಚಲಿಲ್ಲ. ಹುಡುಗ ಅಳುಮುಖ ಮಾಡಿಕೊಂಡು ಹೊರಟ.

ಗಾಳಿಯ ಚಳಿಯೊಂದೇ ಕಾರಣವಾಗಿದ್ದರೆ ಕಾರಿನ ಮೇಲೂ ಹಿಮ ನಿಲ್ಲಬಾರದಿತ್ತು. ಬೆಂಚಿಗೂ ಚಪ್ಪಡಿಗೂ ಗಾಳಿ ಒಂದೇ ಅಲ್ಲವೇ? ಸಕ್ಕರೆ ಪಾಕದ ಹದ ನೋಡಲೆಂದು ಮಗಳು ತಂದಿಟ್ಟಿದ್ದ ಥರ್ಮಾಮೀಟರ್ ಹಿಡಿದು ನಾನು ಹಿತ್ತಲಿಗೆ ಇಳಿದೆ. (ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡಿ ಏನಂದುಕೊಂಡರೋ ತಿಳಿಯದು.) ಗಾಳಿ 1 ಡಿಗ್ರಿ. ಹೂವಿನ ಪಾತಿಯಲ್ಲಿ ಎರಡು ಅಂಗುಲ ಆಳಕ್ಕೆ ಚುಚ್ಚಿದರೆ 5 ಡಿಗ್ರಿ. ಹಿಂದಿನ ಹತ್ತು ದಿನವೂ ಬೆಚ್ಚನೆಯ ಮಳೆ ಹಿಡಿದಿತ್ತು, ನೆಲ ಆ ಬಿಸಿಯನ್ನು ಇನ್ನೂ ಬಿಟ್ಟಿರಲಿಲ್ಲ. ಒಲೆ ಆರಿಸಿದ ಮೇಲೂ ಕಾವಲಿ ಎಷ್ಟು ಹೊತ್ತು ಬಿಸಿಯಾಗಿರುತ್ತದೆ ಎಂಬುದು ದೋಸೆ ಹುಯ್ದವರಿಗೆಲ್ಲ ಗೊತ್ತು.

ಲೆಕ್ಕ ಹಾಕದಿದ್ದರೆ ನನಗೆ ಸಮಾಧಾನವಿಲ್ಲ. ಒಂದು ಗ್ರಾಂ ಹಿಮ ಕರಗಲು 80 ಕ್ಯಾಲೊರಿ ಶಾಖ ಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಸೆಂಟಿಮೀಟರ್ ಹಿಮ ಬಿದ್ದರೆ ಅದು ಸುಮಾರು ಒಂದು ಲೀಟರ್ ನೀರಿಗೆ ಸಮ. ಅದನ್ನು ಕರಗಿಸುವ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಇಷ್ಟು ಶಾಖ ನೆಲದಲ್ಲಿದೆಯೇ? ಇದೆ. ಮೇಲಿನ ಎರಡು ಅಂಗುಲ ಒದ್ದೆ ಮಣ್ಣು 5 ಡಿಗ್ರಿಯಿಂದ ಸೊನ್ನೆಗೆ ಇಳಿಯುವಷ್ಟರಲ್ಲಿ ಎರಡು ಸೆಂಟಿಮೀಟರ್‌ನಷ್ಟು ಹಿಮವನ್ನು ನುಂಗಿ ನೀರು ಕುಡಿಯಬಲ್ಲದು. ಕೆಳಗಿನ ಮಣ್ಣು ಮೇಲಕ್ಕೆ ದಾಟಿಸುವ ಶಾಖ ಬೇರೆ. ಕಾರಿನ ಚಾವಣಿಯೋ ಬರೀ ತಗಡು, ಅದರ ಬೆನ್ನಿಗೆ ದಾಸ್ತಾನಿಲ್ಲ. ಬೇಗ ತಣಿದು ಬರಿಗೈಯಾಗುತ್ತದೆ. ಹುಲ್ಲಿನ ಎಸಳುಗಳು ನೆಲದಿಂದ ಎದ್ದು ನಿಂತಿರುತ್ತವೆ, ನಡುವಿನ ಗಾಳಿ ನೆಲದ ಶಾಖವನ್ನು ತಡೆಯುತ್ತದೆ. ರಸ್ತೆಗಂತೂ ಇವೆಲ್ಲದರ ಜೊತೆಗೆ ಹಿಂದಿನ ರಾತ್ರಿಯೇ ಲಾರಿಯಲ್ಲಿ ಬಂದು ಉಪ್ಪು ಎರಚಿ ಹೋಗಿರುತ್ತಾರೆ. ಉಪ್ಪುನೀರು ಸೊನ್ನೆಗೆ ಹೆಪ್ಪುಗಟ್ಟುವುದಿಲ್ಲ.

ನಮ್ಮೂರು ಸಾಗರದ ಕಡೆಯ ಮಕ್ಕಳಿಗೆ ಇದನ್ನು ಆಲಿಕಲ್ಲಿನಲ್ಲೇ ತೋರಿಸಬಹುದು. ಏಪ್ರಿಲ್‌ನಲ್ಲಿ ಆಲಿಕಲ್ಲು ಬಿದ್ದಾಗ ಬಿಸಿಲಿಗೆ ಕಾದ ಸಿಮೆಂಟ್ ಅಂಗಳದ ಕಲ್ಲು ಲೋಟಕ್ಕೆ ತುಂಬುವ ಮೊದಲೇ ಮಾಯ. ತೋಟದ ದರಕಿನ (ಒಣಗಿದ ಎಲೆಗಳ) ರಾಶಿಯ ಮೇಲೆ ಬಿದ್ದದ್ದು ಎಷ್ಟೋ ಹೊತ್ತು ಉಳಿದಿರುತ್ತದೆ.

ಇನ್ನು ಗಾಳಿಯ ಮಾತು. ಹಿಮ ಬೀಳಲು ಗಾಳಿ ಸೊನ್ನೆಗಿಂತ ಕೆಳಗಿರಲೇಬೇಕೆಂದಿಲ್ಲ. ಇಲ್ಲಿನ ಹವಾಮಾನ ಇಲಾಖೆಯೇ ಹೇಳುವಂತೆ ಭಾರಿ ಹಿಮ ಸುರಿಯುವುದು ಹೆಚ್ಚಾಗಿ ಸೊನ್ನೆಯಿಂದ 2 ಡಿಗ್ರಿಯ ನಡುವೆ. ಇಳಿಯುತ್ತ ಇಳಿಯುತ್ತ ಅಂಚು ಕರಗುವ ಹಳಕು ತನ್ನ ಸುತ್ತಲ ಗಾಳಿಯಿಂದಲೇ ಶಾಖ ಹೀರಿ ಅದನ್ನು ತಣಿಸುತ್ತದೆ, ಹಿಂದೆ ಬರುವ ಹಳಕುಗಳಿಗೆ ದಾರಿ ತಂಪಾಗುತ್ತದೆ. ಹಾಗೆಯೇ ನೆಲ ಕರಗಿಸುವ ವೇಗವನ್ನು ಮೀರಿಸಿ ಸುರಿದರೆ ಬೆಚ್ಚನೆಯ ನೆಲವೂ ಸೋಲುತ್ತದೆ. ಒಮ್ಮೆ ತೆಳುವಾಗಿ ಬಿಳುಪು ಹಿಡಿಯಿತೋ, ಮುಂದೆ ಬೀಳುವುದು ನೆಲದ ಮೇಲಲ್ಲ, ಹಿಮದ ಮೇಲೆಯೇ. ಆ ಗುರುವಾರ ಹಿಮ ದೊಡ್ಡದಾಗಿತ್ತೇ ಹೊರತು ದಟ್ಟವಾಗಿರಲಿಲ್ಲ.

ಇದೇ ಹಿತ್ತಲಿನಲ್ಲಿ ಬೇರೆ ಕಥೆಯನ್ನೂ ಕಂಡಿದ್ದೇನೆ. 2022ರ ಡಿಸೆಂಬರ್‌ನಲ್ಲಿ ಮಗಳ ಬಾಣಂತನಕ್ಕೆ ಬಂದಿದ್ದೆ. 11ರ ರಾತ್ರಿ ಶುರುವಾದ ಹಿಮ ಬೆಳಗಾಗುವಷ್ಟರಲ್ಲಿ ನಾಲ್ಕು ಬೆರಳು ಕೂತಿತ್ತು, ವಿಮಾನ ನಿಲ್ದಾಣಗಳಲ್ಲಿ ರನ್‌ವೇ ಮುಚ್ಚಿದ್ದರು. ಅದಕ್ಕೂ ಮುಂಚಿನ ಕೆಲವು ದಿನ ಒಂದೇ ಸಮನೆ ಕೊರೆಯುವ ಚಳಿ ಬಿದ್ದು ನೆಲ ಕಲ್ಲಾಗಿತ್ತು. ಕಾವಲಿ ಪೂರ್ತಿ ಆರಿತ್ತು.

ಈ ಸಲ ಹನ್ನೊಂದರ ಹೊತ್ತಿಗೆ ಲಂಡನ್ ಸೇತುವೆಯ ಬಳಿಯ ಕಚೇರಿಯಿಂದ ಮಗಳು ಫೋನ್ ಮಾಡಿ ‘ಇಲ್ಲಿ ಬರೀ ಮಳೆ’ ಎಂದಳು. ಕ್ರಾಯ್ಡನ್‌ಗಿಂತ ಅದು ತಗ್ಗು, ಮೇಲಾಗಿ ನಗರದ ನಟ್ಟನಡುವೆ. ಊರಿನ ನಡುಭಾಗ ಸುತ್ತಲ ಹಳ್ಳಿಗಿಂತ ಬೆಚ್ಚಗಿರುತ್ತದೆ ಎಂದು ಮೋಡಗಳಿಗೆ ಕ್ಯುಮುಲಸ್, ಸಿರಸ್ ಎಂದು ಹೆಸರಿಟ್ಟ ಲ್ಯೂಕ್ ಹೊವರ್ಡ್ 1820ರ ಹೊತ್ತಿಗೇ ಇದೇ ಲಂಡನ್ನಿನಲ್ಲಿ ಅಳೆದು ಬರೆದಿಟ್ಟಿದ್ದಾರೆ.

ಬೀಳುವುದು ಬೇರೆ, ನಿಲ್ಲುವುದು ಬೇರೆ ಎಂಬುದನ್ನು ಇಲ್ಲಿನವರು ಲೆಕ್ಕದ ಪುಸ್ತಕದಲ್ಲೂ ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಕ್ರಿಸ್‌ಮಸ್ ದಿನ ಒಂದೇ ಒಂದು ಹಳಕು ಬೀಳುವುದನ್ನು ಕಂಡರೂ ಅದು ‘ಬಿಳಿ ಕ್ರಿಸ್‌ಮಸ್’. ಆದರೆ ಹಿಮ ನೆಲದ ಮೇಲೆ ಇತ್ತು ಎಂದು ದಾಖಲಾಗಲು ಬೆಳಿಗ್ಗೆ 9 ಗಂಟೆಗೆ ಅರ್ಧಕ್ಕಿಂತ ಹೆಚ್ಚು ನೆಲ ಮುಚ್ಚಿರಬೇಕು.

ಇಲ್ಲಿಯ ಮಾತಿನಲ್ಲಿ ಅದು ‘ಸೆಟಲ್’ ಆಗುವುದು. ‘ಸೆಟಲ್ ಆಗುತ್ತಿದೆಯೇ?’ ಎಂದು ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೇಳಿದಾಗ ನಾನು ಅಳಿಯನ ವೀಸಾದ ವಿಚಾರವೇನೋ ಎಂದುಕೊಂಡೆ. ನಮ್ಮೂರಿನಲ್ಲಿ ಆ ಪದ ಮದುವೆಯಾಗದ ಗಂಡುಮಕ್ಕಳಿಗೆ ಮೀಸಲು. ಕನ್ನಡದಲ್ಲಿ ‘ಹಿಮ ಕೂರುವುದು’ ಎನ್ನಬಹುದು. ಧೂಳು ಕೂರುತ್ತದೆ, ಬಣ್ಣ ಕೂರುತ್ತದೆ, ಹಿಮವೂ ಕೂರಲಿ. ಪದದ ಮಾತು ಬಂದದ್ದಕ್ಕೆ ಇನ್ನೊಂದು ದೂರು: ಶಿಮ್ಲಾದ ಚಿತ್ರದ ಕೆಳಗೆ ‘ಮಂಜು ಸುರಿದು ರಸ್ತೆ ಬಂದ್’ ಎಂದು ಅಚ್ಚು ಮಾಡಬೇಡಿ. ಮಡಿಕೇರಿಯಲ್ಲಿ ಮುಸುಕುವುದು ಮಂಜು, ಶಿಮ್ಲಾದಲ್ಲಿ ಬಿದ್ದದ್ದು ಹಿಮ. ಬೆಟ್ಟದಿಂದ ಜಾರಿ ಜನರನ್ನು ಹೂಳುವುದಕ್ಕೂ ‘ಹಿಮಪಾತ’ ಎಂದೇ ಬರೆಯುತ್ತೀರಿ, ಅದು ಹಿಮಕುಸಿತ.

ಪ್ರಶ್ನೆ ಕೇಳಿದ ಹುಡುಗಿಗೆ ಇದರಲ್ಲಿ ನಾಲ್ಕು ಸಾಲನ್ನಾದರೂ ತಲುಪಿಸಿ. ಮೊಮ್ಮಗನ ವಿಷಯಕ್ಕೆ ಬಂದರೆ, ಅವನು ಸಂಜೆ ಬರುವುದರೊಳಗೆ ಎಲ್ಲವೂ ಕರಗಬಹುದೆಂದು ನಾನೇ ಕಾರಿನ ಚಾವಣಿ, ಕಸದ ಡಬ್ಬಿಯ ಮುಚ್ಚಳ ಎರಡನ್ನೂ ಕೆರೆದು, ಒಂದು ಗೇಣಿನ ಹಿಮದ ಗೊಂಬೆ ಕಟ್ಟಿ, ಎರಡು ಮೆಣಸಿನಕಾಳು ಕಣ್ಣಿಗಿಟ್ಟು ಫ್ರೀಜರಿನಲ್ಲಿ ನಿಲ್ಲಿಸಿದೆ. ಇವತ್ತಿಗೂ ಬಟಾಣಿ ಪೊಟ್ಟಣದ ಪಕ್ಕದಲ್ಲಿದೆ. ತೆಗೆಯಲು ಅವನು ಬಿಡುತ್ತಿಲ್ಲ, ಜಾಗ ಸಾಲದೆಂದು ಮಗಳ ತಕರಾರು.

– ನಿವೃತ್ತ ಭೌತವಿಜ್ಞಾನ ಶಿಕ್ಷಕಿ, ಸಾಗರ
(ಸದ್ಯ ಲಂಡನ್)