ಬಚ್ಚಲ ಒಲೆಯ ಪಕ್ಕ ಸಿಕ್ಕಿದ ನೋಟ್‌ಬುಕ್

ಪ್ರೀತಿಯ ಮಗಳೇ,

ನಿನ್ನೆ ಬೆಳಿಗ್ಗೆ ನೀರು ಕಾಯಿಸಲು ಹೋದಾಗ ಬಚ್ಚಲ ಒಲೆಯ ಪಕ್ಕ, ಒಣಗಿದ ಸೋಗೆಯ ಅಡಿಯಲ್ಲಿ ನೀನು ಕತೆ ಬರೆದ ನೋಟ್‌ಬುಕ್ ಸಿಕ್ಕಿತು. ಸುಟ್ಟುಹೋಗಲಿ ಅಂತಲೇ ಅಲ್ಲಿಟ್ಟು ಬಸ್ಸು ಹತ್ತಿದ್ದೀ. ನನ್ನ ಕೈಕಾಲು ತಣ್ಣಗಾಯಿತು.

ಆ ರಾತ್ರಿ ಊಟದ ಹೊತ್ತಿಗೆ ಆದದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. 'ಈ ಕಾಸರಗೋಡಿನಲ್ಲಿ ಕನ್ನಡ ಓದುವವರು ಯಾರಿದ್ದಾರೆ, ಯಾರಿಗೋಸ್ಕರ ಬರೀತೀ' ಅಂದೆನಲ್ಲ, ಅದು ತಪ್ಪು. ನಿನ್ನನ್ನು ಕೇಳದೆ ಈಗ ಓದಿದ್ದೂ ತಪ್ಪೇ. ಕ್ಷಮಿಸು.

ನಾನು ಐದನೇ ಕ್ಲಾಸಿನಲ್ಲಿದ್ದೆ. ಮಳೆಗಾಲದ ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುವ ಕೆಲಸ. ಏಳೆಂಟು ಜನ, ನಡುವೆ ಒಂದು ಗ್ಯಾಸ್‌ಲೈಟು. ನಿನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಕೈ ಸುಲಿಯುತ್ತಿದ್ದ ಹಾಗೆ ಬಾಯಿ ಕತೆ ಹೇಳುತ್ತಿತ್ತು. ಅರ್ಧ ಕನ್ನಡ, ಅರ್ಧ ತುಳು, ಮೂಲೆಯಲ್ಲಿ ಕೂತವರಿಗೋಸ್ಕರ ಎರಡು ಮಲಯಾಳದ ಮಾತು. ಗಂಡನ ಮನೆಯಿಂದ ತವರಿಗೆ ಹೊರಟ ಹುಡುಗಿ, ದಾರಿಯಲ್ಲಿ ತುಂಬಿದ ಹೊಳೆ. ಕತೆ ಅದೇ, ಕೊನೆ ಮಾತ್ರ ದಿನಕ್ಕೊಂದು. ಹೊಸದಾಗಿ ಮದುವೆಯಾದವಳು ಕೂತಿದ್ದರೆ ದೋಣಿ ಬರುತ್ತಿತ್ತು. ಮಗಳನ್ನು ಕಳಕೊಂಡ ಒಬ್ಬಳು ಕೆಲಸಕ್ಕೆ ಬರುತ್ತಿದ್ದಳು. ಅವಳಿದ್ದ ದಿನ ಹೊಳೆಯೇ ಇಳಿದು ದಾರಿ ಬಿಡುತ್ತಿತ್ತು.

ಒಂದು ರಾತ್ರಿ ನಾನು ಎಲ್ಲರೆದುರು 'ನಿನ್ನೆ ಹೀಗೆ ಹೇಳಲಿಲ್ಲ, ನಿನಗೆ ಕತೆಯೇ ಗೊತ್ತಿಲ್ಲ' ಅಂದುಬಿಟ್ಟೆ. ಶಾಲೆಯ ಪುಸ್ತಕದಲ್ಲಿ ಕತೆ ಯಾವತ್ತೂ ಒಂದೇ ಥರ ಇರುತ್ತದಲ್ವಾ, ಹಾಗಾಗಿ. ಅಮ್ಮ ಬೈಯಲಿಲ್ಲ. ಕೈಯಲ್ಲಿದ್ದ ಅಡಿಕೆಯನ್ನು ಸುಲಿಯದೆ, ಸಿಪ್ಪೆ ಸಮೇತ, ಸುಲಿದ ಅಡಿಕೆಯ ಬುಟ್ಟಿಗೆ ಹಾಕಿದಳು. ಆಮೇಲೆ ಕತ್ತಿಯ ಸದ್ದು ಮಾತ್ರ. ಮರುದಿನ ಆ ಒಂದು ಅಡಿಕೆಯನ್ನು ನಾನೇ ಹುಡುಕಿ ತೆಗೆದೆ. ಸುಲಿದು ಕೊಟ್ಟರೆ ಮತ್ತೆ ಹೇಳುತ್ತಾಳೆ ಅಂದುಕೊಂಡಿದ್ದೆ. ಹೇಳಲಿಲ್ಲ. ನನ್ನೆದುರು ಆ ಕತೆ ಅವಳ ಬಾಯಲ್ಲಿ ಮತ್ತೆ ಬರಲೇ ಇಲ್ಲ. ಈಗಲೂ ಅಡಿಕೆ ಸುಲಿಯಲು ಕೂತರೆ ನನಗೆ ಅದೊಂದೇ ಅಡಿಕೆ ಕಾಣುವುದು.

ಒಬ್ಬಳ ಬಾಯಿ ಮುಚ್ಚಿಸಿದೆ. ನಿನ್ನದನ್ನೂ ಮುಚ್ಚಿಸಿದೆನಾ ಅಂತ ಹೆದರಿಕೆ.

ಚಿಕ್ಕಂದಿನಲ್ಲಿ ನಿನ್ನನ್ನು ಮಂಜೇಶ್ವರಕ್ಕೆ, ಕವಿ ಗೋವಿಂದ ಪೈಗಳ ಮನೆಗೆ ಕರಕೊಂಡು ಹೋಗಿದ್ದೆ. ಪ್ರಾಸವಿಲ್ಲದಿದ್ದರೆ ಪದ್ಯವೇ ಅಲ್ಲ ಅನ್ನುತ್ತಿದ್ದ ಕಾಲ, 1911ರಲ್ಲಿ ಗೋವಿಂದ ಪೈಗಳು ಪ್ರಾಸ ಬಿಟ್ಟರು. 1949ರಲ್ಲಿ ರಾಷ್ಟ್ರಕವಿ ಆದರು. ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಕನ್ನಡವಲ್ಲ, ಬರೆದದ್ದು ಕನ್ನಡದಲ್ಲಿ. ಮೊದಲ ಕಾದಂಬರಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ವಯಸ್ಸು ನಲವತ್ತು ದಾಟಿತ್ತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು ಅಂತ ಇಲ್ಲಿ ಯಾರೂ ಪೆನ್ನು ಕೆಳಗಿಡಲಿಲ್ಲ. ಅದೆಲ್ಲ ಗೊತ್ತಿದ್ದೂ ನಾನು ಹಾಗಂದೆ.

ಬುದ್ಧಿ ಹೇಳಬಾರದು ಅಂದುಕೊಂಡೇ ಕೂತದ್ದು, ಆದರೆ ಹೇಳದೆ ಇರಲಾಗುವುದಿಲ್ಲ. ಕೆಲಸ ಬಿಡಬೇಡ. ರಾತ್ರಿ ಜಾಸ್ತಿ ಹೊತ್ತು ಕೂರಬೇಡ. ಬರೆದದ್ದನ್ನು ಅವಸರದಲ್ಲಿ ಯಾರಿಗೂ ಕಳಿಸಬೇಡ. ಚಾಲಿ ಅಡಿಕೆಗೇ ನಲವತ್ತು ದಿನದ ಬಿಸಿಲು ಬೇಕು. ಒಂಬತ್ತನೇ ಪುಟದಲ್ಲಿ 'ಜಾಲು' ಅಂತ ಬರೆದು, ಹೊಡೆದು, 'ಅಂಗಳ' ಅಂತ ಮಾಡಿದ್ದೀ. ಆಮೇಲೆ ಅದನ್ನೂ ಹೊಡೆದು ಮತ್ತೆ 'ಜಾಲು'. ಅದನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಜಾಲು ಹಾಗೇ ಇರಲಿ. ಅಜ್ಜಿಯ ಬಾಯಲ್ಲಿ ಇದ್ದದ್ದು ಅದೇ.

ಇಪ್ಪತ್ತನೇ ಪುಟದಲ್ಲಿ ಹೊಳೆ ಬಂತು. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ. ಅಜ್ಜಿ ನಿನಗೆ ಹೇಳಿದ್ದಳಾ ಮಗಳೇ? ಯಾವಾಗ? ನಾನು ತೋಟಕ್ಕೆ ಹೋದಾಗಲಾ?

ನೋಟ್‌ಬುಕ್ಕನ್ನು ನಾಳೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ. ಹುಡುಗಿ ಸೀರೆಯ ನೆರಿಗೆ ಎತ್ತಿಕಟ್ಟಿ ನೀರಿಗೆ ಕಾಲಿಟ್ಟಲ್ಲಿಗೆ ನಿಂತಿದೆ. ಆಮೇಲಿನ ಪುಟ ಎಲ್ಲ ಖಾಲಿ. ದಾಟಿದಳಾ?

ನಿನ್ನ ಅಪ್ಪ